ಹಳೆಯ ಕಾರಿನ ರೇಡಿಯೇಟರ್‌ಗೆ ಬೆಸುಗೆ: ಸೋರಿಕೆ ಹುಡುಕುವುದರಿಂದ ಘಟ್ಟ ಹತ್ತಿಸುವವರೆಗೆ

ಕುಮಟಾದಿಂದ ಶಿರಸಿಗೆ ಬರುವ ದೇವಿಮನೆ ಘಟ್ಟದಲ್ಲಿ, ಏಪ್ರಿಲ್ ತಿಂಗಳ ಮಧ್ಯಾಹ್ನ, ಬಾನೆಟ್ ತೆರೆದುಕೊಂಡು ರಸ್ತೆಬದಿಗೆ ನಿಂತ ಅಂಬಾಸಿಡರ್ ಮತ್ತು ಫಿಯೆಟ್ ಕಾರುಗಳು ಒಂದು ಕಾಲಕ್ಕೆ ದಿನನಿತ್ಯದ ನೋಟವಾಗಿದ್ದವು. ಕರಾವಳಿಯ ಸಮತಟ್ಟಾದ ರಸ್ತೆಯಲ್ಲಿ ತಿಂಗಳುಗಟ್ಟಲೆ ಸುಮ್ಮನಿದ್ದ ಸಣ್ಣ ಸೋರಿಕೆಯೊಂದು, ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ಶಿರಸಿಗೆ ಎರಡನೆಯ ಗೇರಿನಲ್ಲಿ ಏರುವಾಗ ತನ್ನನ್ನು ತೋರಿಸಿಕೊಳ್ಳುತ್ತದೆ. ಎಂಜಿನ್ ಪೂರ್ತಿ ದುಡಿಯುತ್ತಿರುತ್ತದೆ, ಕಾರಿನ ವೇಗ ಕಡಿಮೆಯಿರುವುದರಿಂದ ಎಂಜಿನ್ನಿನ ನೀರನ್ನು ತಣಿಸುವ ರೇಡಿಯೇಟರ್‌ಗೆ ಎದುರುಗಾಳಿ ಸಾಲುವುದಿಲ್ಲ, ಒಳಗಿನ ಒತ್ತಡ ಹೆಚ್ಚಾದಂತೆ ನೀರು ಸೀಳಿನಿಂದ ಹೊರಬೀಳುತ್ತದೆ. ನಮ್ಮ ಮನೆಯ 1974ರ ಅಂಬಾಸಿಡರ್ ಮಾರ್ಕ್ 2 ಹೀಗೆ ಎರಡು ಬಾರಿ ಅದೇ ಘಟ್ಟದಲ್ಲಿ ನಿಂತ ಮೇಲೆ ಅದರ ರೇಡಿಯೇಟರನ್ನು ನಾನೇ ಬಿಚ್ಚಿ ಬೆಸುಗೆ ಹಾಕುವುದನ್ನು ಕಲಿತೆ. ಅಲ್ಲಿಂದೀಚೆಗೆ ಕಾರವಾರದಿಂದ ಸಿದ್ದಾಪುರದವರೆಗೆ ಪರಿಚಯದವರ ಹಲವು ರೇಡಿಯೇಟರುಗಳು ನನ್ನ ಅಂಗಳಕ್ಕೆ ಬಂದಿವೆ. ಈ ಕೆಲಸವನ್ನು ಮನೆಯಲ್ಲೇ ಮಾಡಿಕೊಳ್ಳಬೇಕೆನ್ನುವವರಿಗೆ ಅಗತ್ಯವಾದುದೆಲ್ಲವನ್ನೂ ಇಲ್ಲಿ ಬರೆದಿದ್ದೇನೆ.

ಎಲ್ಲಕ್ಕಿಂತ ಮೊದಲು ತಿಳಿದಿರಬೇಕಾದ ಸಂಗತಿ ಒಂದಿದೆ. ರೇಡಿಯೇಟರ್ ದುರಸ್ತಿಯಲ್ಲಿ ಬೆಸುಗೆ ಹಾಕುವುದು ಹತ್ತು ನಿಮಿಷದ ಕೆಲಸ. ಉಳಿದ ಒಂದೂವರೆ ದಿನವೆಲ್ಲ ತೊಳೆಯುವುದು, ಉಜ್ಜುವುದು, ಹುಡುಕುವುದು. ಆ ಒಂದೂವರೆ ದಿನದಲ್ಲಿ ಅವಸರ ಮಾಡಿದರೆ ಹತ್ತು ನಿಮಿಷದಲ್ಲಿ ಎಷ್ಟು ಜಾಣ್ಮೆ ತೋರಿದರೂ ಬೆಸುಗೆ ನಿಲ್ಲುವುದಿಲ್ಲ.

ನಿಮ್ಮ ರೇಡಿಯೇಟರ್ ಯಾವ ಲೋಹದ್ದು

ಇಲ್ಲಿ ಹೇಳುವ ವಿಧಾನ ತಾಮ್ರ ಮತ್ತು ಹಿತ್ತಾಳೆಯ ಹಳೆಯ ರೇಡಿಯೇಟರುಗಳಿಗೆ ಮಾತ್ರ ಹೊಂದುತ್ತದೆ. ಮೇಲಿನ ಮತ್ತು ಕೆಳಗಿನ ಟ್ಯಾಂಕುಗಳು ಹಿತ್ತಾಳೆಯ ತಗಡಿನವು. ನಡುವೆ ನೀರು ಇಳಿಯುವ ಚಪ್ಪಟೆ ನಾಳಗಳೂ ಹಿತ್ತಾಳೆಯವೇ. ನಾಳಗಳ ನಡುವೆ ಗಾಳಿಗೆ ಶಾಖ ಬಿಟ್ಟುಕೊಡುವ ತೆಳ್ಳಗಿನ ಫಿನ್ನುಗಳು ತಾಮ್ರದವು. ನಾಳಗಳ ತುದಿಗಳು ಕೂರುವ ರಂಧ್ರಗಳ ಹಲಗೆಗೆ ಹೆಡರ್ ಪ್ಲೇಟ್ ಎನ್ನುತ್ತಾರೆ. ಇವೆಲ್ಲವನ್ನೂ ಒಂದಾಗಿ ಹಿಡಿದಿರುವುದು ತವರ ಮತ್ತು ಸೀಸ ಬೆರೆತ ಬೆಸುಗೆ. ಆದ್ದರಿಂದಲೇ ಈ ರೇಡಿಯೇಟರುಗಳನ್ನು ಅರ್ಧ ಶತಮಾನದ ಬಳಿಕವೂ ಬಿಚ್ಚಿ, ಸರಿಪಡಿಸಿ, ಮತ್ತೆ ಜೋಡಿಸಬಹುದು.

ಕಪ್ಪು ಬಣ್ಣದಡಿ ಲೋಹ ಯಾವುದೆಂದು ಕಾಣದಿದ್ದರೆ ಟ್ಯಾಂಕಿನ ಮರೆಯ ಜಾಗವೊಂದರಲ್ಲಿ ಮೊಳೆಯಿಂದ ಗೀರಿ ನೋಡಿರಿ. ಹಳದಿ ಹೊಳೆದರೆ ಹಿತ್ತಾಳೆ. ಬಿಳಿ ಹೊಳೆದು ಆಯಸ್ಕಾಂತ ಅಂಟದಿದ್ದರೆ ಅಲ್ಯೂಮಿನಿಯಂ. ಅದಕ್ಕೆ ಈ ಬೆಸುಗೆ ಹಿಡಿಯುವುದಿಲ್ಲ. ಹಳೆಯ ಕಾರಿಗೆ ಯಾರೋ ನಡುವೆ ಪ್ಲಾಸ್ಟಿಕ್ ಟ್ಯಾಂಕಿನ ಹೊಸ ರೇಡಿಯೇಟರ್ ಕೂಡಿಸಿರುವುದೂ ಉಂಟು. ಅದಕ್ಕೆ ಬೆಂಕಿ ತೋರಿಸುವ ಮಾತೇ ಇಲ್ಲ.

ಇನ್ನೊಂದು ಪರೀಕ್ಷೆಯನ್ನೂ ಈಗಲೇ ಮಾಡಬೇಕು. ಫಿನ್ನುಗಳ ಮೇಲೆ ಬೆರಳ ತುದಿಯನ್ನು ಹಗುರವಾಗಿ ಎಳೆಯಿರಿ. ಫಿನ್ ಬಾಗಿದರೆ ಚಿಂತೆಯಿಲ್ಲ, ಪುಡಿಯಾಗಿ ಉದುರಿದರೆ ಚಿಂತಿಸಬೇಕು. ಕಾರವಾರ, ಅಂಕೋಲಾ, ಹೊನ್ನಾವರಗಳಲ್ಲಿ ಕಡಲಿಗೆ ಹತ್ತಿರ ನಿಲ್ಲುವ ಕಾರುಗಳಲ್ಲಿ ಉಪ್ಪುಗಾಳಿ ತಾಮ್ರವನ್ನು ಹಸಿರು ಪುಡಿಯಾಗಿಸುತ್ತದೆ. ನಾಳಕ್ಕೂ ಫಿನ್ನಿಗೂ ನಡುವಿನ ಬೆಸುಗೆ ಬಿಟ್ಟುಹೋಗುತ್ತದೆ. ಅಂಥ ರೇಡಿಯೇಟರ್ ಸೋರದಿದ್ದರೂ ತಣಿಸುವುದಿಲ್ಲ. ಅರ್ಧಕ್ಕಿಂತ ಹೆಚ್ಚು ಫಿನ್ನುಗಳು ಹೀಗಾಗಿದ್ದರೆ ಬೆಸುಗೆಯ ಶ್ರಮ ವ್ಯರ್ಥ. ಟ್ಯಾಂಕುಗಳನ್ನು ಉಳಿಸಿಕೊಂಡು ನಡುವಿನ ಕೋರ್, ಅಂದರೆ ನಾಳ-ಫಿನ್ನುಗಳ ಭಾಗ, ಮಾತ್ರ ಹೊಸದು ಹಾಕಿಸುವ ಕೆಲಸವನ್ನು ಹುಬ್ಬಳ್ಳಿಯಂಥ ದೊಡ್ಡ ಊರಿನ ರೇಡಿಯೇಟರ್ ಅಂಗಡಿಗೆ ಒಪ್ಪಿಸುವುದು ಒಳ್ಳೆಯದು.

ಅರಿಶಿನ ಪುಡಿಯ ಬಗ್ಗೆ

ಸೋರುವ ರೇಡಿಯೇಟರ್‌ಗೆ ಅರಿಶಿನ ಪುಡಿ ಹಾಕುವುದು ಹಳೆಯ ಚಾಲಕರ ಉಪಾಯ. ಅಂಗಡಿಯಲ್ಲಿ ಸಿಗುವ ಸೋರಿಕೆ ತಡೆಯುವ ಪುಡಿಗಳ ಕೆಲಸವೂ ಅಂಥದ್ದೇ. ರಾತ್ರಿ ಹೊತ್ತು ಘಟ್ಟದ ನಡುವೆ ಸಿಕ್ಕಿಕೊಂಡು ಮನೆ ತಲುಪಬೇಕಾದಾಗ ಅದನ್ನು ನಾನು ಆಕ್ಷೇಪಿಸುವುದಿಲ್ಲ. ಆದರೆ ಸೀಳಿನಲ್ಲಿ ಕಟ್ಟಿಕೊಳ್ಳುವ ಪುಡಿಯೇ ಕಿರಿದಾದ ನಾಳಗಳಲ್ಲೂ ಕಟ್ಟಿಕೊಳ್ಳುತ್ತದೆ. ಮೇಲಾಗಿ ಸೀಳಿನ ಅಂಚಿನಲ್ಲಿ ಕೂತ ಆ ಕಸದ ಮೇಲೆ ಬೆಸುಗೆ ನಿಲ್ಲುವುದಿಲ್ಲ. ಹೊರಗಿನಿಂದ ಎಂ-ಸೀಲ್ ಮೆತ್ತುವುದಂತೂ ಮುಂದೆ ಬೆಸುಗೆ ಹಾಕುವವನಿಗೆ ದುಪ್ಪಟ್ಟು ಕೆಲಸ ಕೊಡುತ್ತದೆ. ಒಂದು ಜೀಪಿನ ರೇಡಿಯೇಟರ್‌ನಿಂದ ಮೂರು ಪದರ ಎಂ-ಸೀಲ್ ಕೆರೆದು ತೆಗೆಯಲು ನನಗೆ ಒಂದು ಇಡೀ ಮಧ್ಯಾಹ್ನ ಬೇಕಾಯಿತು, ಅಡಿಯಲ್ಲಿದ್ದ ತೂತು ಸಾಸಿವೆ ಕಾಳಿನಷ್ಟಿತ್ತು.

ಬಿಚ್ಚುವುದು

ಎಂಜಿನ್ ಪೂರ್ತಿ ತಣ್ಣಗಾಗಿರಬೇಕು. ಬಿಸಿ ಇರುವಾಗ ಕ್ಯಾಪ್ ತಿರುಗಿಸಿದರೆ ಕುದಿಯುವ ನೀರು ಮುಖಕ್ಕೆ ಹಾರುತ್ತದೆ. ಕೆಳಗಿನ ಕಾಕ್ ತಿರುಗಿಸಿ ನೀರನ್ನು ಬಕೆಟ್ಟಿಗೆ ಇಳಿಸಿರಿ. ಅದರಲ್ಲಿ ಕೂಲಂಟ್ ಇದ್ದರೆ ಅಂಗಳಕ್ಕೆ ಚೆಲ್ಲಬೇಡಿ. ಕೂಲಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ನಾಯಿಯೂ ಕರುವೂ ನೆಕ್ಕುತ್ತವೆ, ಸ್ವಲ್ಪವೇ ಸಾಕು ಪ್ರಾಣಕ್ಕೆ ಕುತ್ತಾಗಲು. ಡಬ್ಬಿಗೆ ತುಂಬಿ ಮುಚ್ಚಿ ಗುರುತು ಬರೆದಿಡಿ.

ಮೇಲಿನ ಮತ್ತು ಕೆಳಗಿನ ಹೋಸ್ ಪೈಪುಗಳ ಕ್ಲಿಪ್ ಸಡಿಲಿಸಿ. ಹಳೆಯ ರಬ್ಬರು ಹಿತ್ತಾಳೆಯ ಕೊಳವೆಗೆ ಅಂಟಿಕೊಂಡಿದ್ದರೆ ಎಳೆದಾಡಬಾರದು. ಕೊಳವೆಯ ಬುಡದ ಬೆಸುಗೆಯೇ ಕಿತ್ತುಬರುತ್ತದೆ. ಪೈಪನ್ನು ಉದ್ದಕ್ಕೆ ಕತ್ತರಿಸಿ ಸುಲಿದು ತೆಗೆಯುವುದು ಲೇಸು, ಹೇಗೂ ಅದನ್ನು ಬದಲಿಸಬೇಕಾಗುತ್ತದೆ. ಬೋಲ್ಟುಗಳನ್ನು ಬಿಚ್ಚಿ ರೇಡಿಯೇಟರನ್ನು ನೇರವಾಗಿ ಮೇಲಕ್ಕೆತ್ತಿರಿ. ನಡುವೆ ಒಂದು ರಟ್ಟನ್ನು ಇಳಿಬಿಟ್ಟರೆ ಫ್ಯಾನಿನ ರೆಕ್ಕೆ ಫಿನ್ನುಗಳನ್ನು ಗೀರುವುದಿಲ್ಲ. ಕಾರಿನಲ್ಲೇ ಇರಿಸಿ ಬೆಸುಗೆ ಹಾಕುವ ಯೋಚನೆ ಬೇಡ. ಪೆಟ್ರೋಲ್ ಪೈಪುಗಳ ಹತ್ತಿರ ಜ್ವಾಲೆ ಹಿಡಿಯುವುದು ಅಪಾಯ; ಲಂಬವಾಗಿ ನಿಂತ ತಗಡಿನ ಮೇಲೆ ಕರಗಿದ ಬೆಸುಗೆ ನಿಲ್ಲದೆ ಇಳಿದುಹೋಗುವುದರಿಂದ ಕೆಲಸವೂ ಕೆಡುತ್ತದೆ.

ಒಳಗೆ ತೊಳೆಯುವುದು

ಕೆಳಗಿನ ಕೊಳವೆಯಿಂದ ನೀರು ಬಿಟ್ಟು ಮೇಲಿನಿಂದ ಹೊರಬರುವಂತೆ, ಅಂದರೆ ಎಂದಿನ ಹರಿವಿಗೆ ಎದುರಾಗಿ, ತೊಳೆಯಬೇಕು. ತೋಟಕ್ಕೆ ನೀರು ಬಿಡುವ ಪೈಪು ಸಾಕು. ಮೊದಲು ತುಕ್ಕಿನ ಕೆಂಪು ನೀರು, ಆಮೇಲೆ ಹೆಂಚಿನ ಚೂರಿನಂತಹ ಹಕ್ಕಳೆಗಳು ಬರುತ್ತವೆ. ತಿಳಿನೀರು ಬರುವವರೆಗೆ ಬಿಡಿ. ಸುಣ್ಣದ ಪದರ ಕಟ್ಟಿದ್ದರೆ ಬಿಸಿನೀರಿನಲ್ಲಿ ನಿಂಬೆಹುಳಿ, ಅಂದರೆ ಸಿಟ್ರಿಕ್ ಆಸಿಡ್ ಹರಳು, ಲೀಟರಿಗೆ ಸುಮಾರು 50 ಗ್ರಾಂ ಕರಗಿಸಿ ತುಂಬಿಸಿ ಒಂದೆರಡು ಗಂಟೆ ಬಿಟ್ಟು ಚೆನ್ನಾಗಿ ತೊಳೆಯಿರಿ. ಶೌಚಾಲಯ ತೊಳೆಯುವ ಆಸಿಡ್ಡನ್ನು ಒಳಗೆ ಸುರಿಯುವುದನ್ನು ನಾನು ಕಂಡಿದ್ದೇನೆ. ಅದು ಸುಣ್ಣದ ಜೊತೆಗೆ ಹಿತ್ತಾಳೆಯಲ್ಲಿರುವ ಸತುವನ್ನೂ ತಿಂದು ನಾಳವನ್ನು ಜರಡಿಯಾಗಿಸುತ್ತದೆ.

ಸೋರಿಕೆ ಹುಡುಕುವುದು

ನೀರು ಎಲ್ಲಿ ತೊಟ್ಟಿಕ್ಕುತ್ತದೆಯೋ ಅಲ್ಲೇ ಸೋರಿಕೆ ಇರಬೇಕೆಂದಿಲ್ಲ. ನಮ್ಮ ಹೆಂಚಿನ ಮನೆಗಳಲ್ಲಿ ನೀರು ರೀಪಿನ ಗುಂಟ ಹರಿದು ಇನ್ನೆಲ್ಲೋ ಬೀಳುವಂತೆ ಇಲ್ಲೂ ಫಿನ್ನುಗಳ ಗುಂಟ ಇಳಿದು ಬೇರೆಡೆ ಬೀಳುತ್ತದೆ. ಹಸಿರು ಅಥವಾ ಬಿಳಿ ಕಲೆ ಒಂದು ಸುಳಿವು ಮಾತ್ರ. ಖಚಿತವಾಗಿ ತಿಳಿಯಲು ಗಾಳಿ ತುಂಬಿ ನೀರಿನಲ್ಲಿ ಮುಳುಗಿಸಲೇಬೇಕು.

ಇದಕ್ಕೆ ದನಗಳ ಬಾನಿ ಬಳಸಬೇಡಿ. ಸೀಸದ ಪುಡಿಯೂ ಹಳೆಯ ಕೂಲಂಟೂ ಅದರಲ್ಲಿ ಸೇರುತ್ತವೆ. ಅಂಗಳದಲ್ಲಿ ನಾಲ್ಕು ಬದಿಗೆ ಚಿರೇಕಲ್ಲು ಇಟ್ಟು ಮೇಲೆ ತಾಡಪತ್ರಿ ಹಾಸಿ ನೀರು ತುಂಬಿಸಿದರೆ ರೇಡಿಯೇಟರ್ ಮಲಗುವಷ್ಟು ದೊಡ್ಡ ತೊಟ್ಟಿ ಹತ್ತು ನಿಮಿಷದಲ್ಲಿ ಸಿದ್ಧವಾಗುತ್ತದೆ.

ಕೆಳಗಿನ ಕೊಳವೆಗೆ ಗೇಣುದ್ದದ ಹೋಸ್ ತುಂಡು ಕೂಡಿಸಿ ಅದರ ಬಾಯಿಗೆ ಮರದ ಬಿರಡೆ ಹೊಡೆದು ಕ್ಲಿಪ್ಪಿನಿಂದ ಬಿಗಿಯಿರಿ. ಮೇಲಿನ ಕೊಳವೆಗೂ ಹೀಗೆಯೇ ಮಾಡಿ, ಆದರೆ ಆ ಬಿರಡೆಯ ನಡುವೆ ತೂತು ಕೊರೆದು ಹಳೆಯ ಟ್ಯೂಬಿನ ವಾಲ್ವನ್ನು ಕೂಡಿಸಿ. ಬಾಯಿಗೆ ಕಾರಿನದೇ ಕ್ಯಾಪ್ ಹಾಕಿ. ಇದರಿಂದ ಒಂದು ಅನುಕೂಲವಿದೆ: ಗಾಳಿ ಮಿತಿಮೀರಿದರೆ ಕ್ಯಾಪ್ ತಾನಾಗಿ ತೆರೆದು ಪಕ್ಕದ ಸಣ್ಣ ಕೊಳವೆಯಿಂದ ಹೊರಬಿಡುತ್ತದೆ, ಹಾಗಾಗಿ ಕ್ಯಾಪ್ ಸರಿಯಿದೆಯೇ ಎಂಬುದೂ ತಿಳಿಯುತ್ತದೆ. ಕ್ಯಾಪಿನ ಮೇಲೆ ಒತ್ತಡದ ಅಂಕಿ ಅಚ್ಚಾಗಿರುತ್ತದೆ; ಆ ಕಾಲದ ಕಾರುಗಳಲ್ಲಿ ಅದು ಸಾಮಾನ್ಯವಾಗಿ 4ರಿಂದ 7 ಪಿಎಸ್ಐ (ಚದರ ಇಂಚಿಗೆ ಪೌಂಡ್). ಸೈಕಲ್ ಪಂಪಿನಿಂದ ನಿಧಾನವಾಗಿ ಅಷ್ಟನ್ನು ಮಾತ್ರ ತುಂಬಿಸಿ. ಟಯರ್ ಅಂಗಡಿಯ ಕಂಪ್ರೆಸರ್ ಬಳಸಬಾರದು, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಅದು ಟ್ಯಾಂಕನ್ನು ಉಬ್ಬಿಸಿಬಿಡುತ್ತದೆ.

ಮುಳುಗಿಸಿದ ಕೂಡಲೇ ಎದ್ದುಬರುವ ಗುಳ್ಳೆಗಳು ಫಿನ್ನುಗಳ ನಡುವೆ ಸಿಕ್ಕಿಬಿದ್ದ ಗಾಳಿಯವು. ಒಂದೆರಡು ಬಾರಿ ಅಲುಗಿಸಿ, ನೀರು ನಿಶ್ಚಲವಾಗುವವರೆಗೆ ಕಾಯಿರಿ. ಆಮೇಲೂ ಒಂದೇ ಜಾಗದಿಂದ ಮಣಿ ಪೋಣಿಸಿದಂತೆ ಸಾಲಾಗಿ ಏಳುವ ಗುಳ್ಳೆಯೇ ಸೋರಿಕೆ. ತಂತಿಯೊಂದನ್ನು ಅಲ್ಲಿಗೆ ಚುಚ್ಚಿ, ಮೇಲೆತ್ತಿ, ಮೊಳೆಯಿಂದ ಗೀರಿ ಗುರುತು ಮಾಡಿ. ಸೀಮೆಸುಣ್ಣದ ಗುರುತು ಒದ್ದೆಯಲ್ಲಿ ಅಳಿಸಿಹೋಗುತ್ತದೆ. ಒಂದು ಸಿಕ್ಕಿತೆಂದು ನಿಲ್ಲಿಸದೆ ನಾಲ್ಕೂ ಮಗ್ಗುಲು ತಿರುಗಿಸಿ ನೋಡಿ.

ಲೋಹವನ್ನು ಬೆಳಗುವುದು

ಈ ಹಂತವನ್ನು ನಾನು ಅರ್ಥಮಾಡಿಕೊಂಡದ್ದು ಯಾವ ಗ್ಯಾರೇಜಿನಲ್ಲೂ ಅಲ್ಲ. ಚಿಕ್ಕಂದಿನಲ್ಲಿ ನಮ್ಮ ಮನೆಗೆ ವರ್ಷಕ್ಕೊಮ್ಮೆ ಕಲಾಯಿ ಹಾಕುವವರು ಬರುತ್ತಿದ್ದರು. ಅಂಗಳದಲ್ಲಿ ಸಣ್ಣ ಕುಳಿ ತೋಡಿ, ಇದ್ದಿಲು ಹಾಕಿ, ತಿದಿ ಒತ್ತುತ್ತ, ಹಿತ್ತಾಳೆಯ ಪಾತ್ರೆಯನ್ನು ಕಾಯಿಸುತ್ತಿದ್ದರು. ಅದಕ್ಕೆ ಮೊದಲು ಮರಳು ಹಾಕಿ ಪಾತ್ರೆಯ ಒಳಗನ್ನು ಉಜ್ಜಿ ಉಜ್ಜಿ ಹೊಳೆಯಿಸುತ್ತಿದ್ದರು. ಕಾದ ಪಾತ್ರೆಗೆ ನವಸಾಗರದ ಪುಡಿ ಉದುರಿಸಿದರೆ ಬಿಳಿ ಹೊಗೆ ಏಳುತ್ತಿತ್ತು. ತವರದ ಕಡ್ಡಿಯನ್ನು ಒಮ್ಮೆ ಮುಟ್ಟಿಸಿ ಹತ್ತಿಯಿಂದ ಒರೆಸಿದೊಡನೆ ಹಳದಿ ಲೋಹದ ಮೇಲೆ ಬೆಳ್ಳಿಯ ಬಣ್ಣ ಹರಡಿಕೊಳ್ಳುತ್ತಿತ್ತು. ಎಲ್ಲಿ ಜಿಡ್ಡು ಉಳಿದಿದೆಯೋ ಅಲ್ಲಿ ತವರ ಹಿಡಿಯದೆ ಹಳದಿ ಮಚ್ಚೆ ಉಳಿಯುತ್ತಿತ್ತು, ಆಗ ಅವರು ಪಾತ್ರೆಯನ್ನು ಕೆಳಗಿಳಿಸಿ ಮತ್ತೆ ಮರಳು ಹಾಕುತ್ತಿದ್ದರು. ರೇಡಿಯೇಟರ್ ಬೆಸುಗೆಯ ಸೂತ್ರವೂ ಇದೇ: ಬೆಳಗಿದ ಲೋಹ, ಕಾದ ಲೋಹ, ನಡುವೆ ಗಾಳಿ ತಾಗದಂತೆ ಕಾಯುವ, ನವಸಾಗರದಂಥ ಫ್ಲಕ್ಸ್.

ಗುರುತು ಮಾಡಿದ ಜಾಗದ ಸುತ್ತ ಎಲ್ಲ ಬದಿಗೂ ಎರಡು ಸೆಂಟಿಮೀಟರಿನಷ್ಟು ಬಣ್ಣ ತೆಗೆಯಿರಿ. ಮೊದಲು ಹರಿತವಾದ ಕೆರೆಯುವ ಉಳಿ, ಆಮೇಲೆ ಹಿತ್ತಾಳೆಯ ತಂತಿ ಬ್ರಷ್, ಕೊನೆಗೆ ಎಮರಿ ಪೇಪರ್. ಹಳೆಯ ಬೆಸುಗೆ ಬೂದು ಬಣ್ಣಕ್ಕೆ ತಿರುಗಿ ರಂಧ್ರ ಬಿದ್ದಿದ್ದರೆ ಅದರ ಮೇಲೇ ಹೊಸದನ್ನು ಹಾಕಬಾರದು. ಬಿಸಿಮಾಡಿ, ಕರಗುತ್ತಿದ್ದಂತೆ ಒಣ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಹಿತ್ತಾಳೆ ಪಾತ್ರೆ ಬೆಳಗುವ ಹುಣಸೆಹಣ್ಣೋ ಬಿಂಬಲಿಕಾಯಿಯೋ ಮೇಲುಮೇಲಿನ ಕಿಲುಬನ್ನು ಚೆನ್ನಾಗಿ ಬಿಡಿಸುತ್ತದೆ, ಆದರೆ ಅದರ ಅಂಶ ಉಳಿಯದಂತೆ ತೊಳೆದು ಒಣಗಿಸಿದ ಮೇಲೆ ಎಮರಿಯ ಕೊನೆಯ ಉಜ್ಜು ಬೇಕೇಬೇಕು. ಬೆಳಗಿದ ಜಾಗವನ್ನು ಬೆರಳಿನಿಂದ ಮುಟ್ಟಬೇಡಿ. ನಮ್ಮ ಮಳೆಗಾಲದ ತೇವದಲ್ಲಿ ಬೆಳಗಿದ ಹಿತ್ತಾಳೆ ಒಂದೇ ರಾತ್ರಿಯಲ್ಲಿ ಮಂಕಾಗುತ್ತದೆ, ಆದ್ದರಿಂದ ಉಜ್ಜಿದ ದಿನವೇ ಬೆಸುಗೆ ಹಾಕಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸವನ್ನು ನಾನು ಆದಷ್ಟು ಮುಂದೂಡುತ್ತೇನೆ.

ಬೆಸುಗೆ, ಫ್ಲಕ್ಸ್, ಕಾವು

ಬೆಸುಗೆ ಕಡ್ಡಿಯ ಮೇಲೆ ಬರೆದ ಮೊದಲ ಅಂಕಿ ಸಾಮಾನ್ಯವಾಗಿ ತವರದ ಪಾಲು, ಎರಡನೆಯದು ಸೀಸದ್ದು. 60-40 ಕಡ್ಡಿ 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೆತ್ತಗಾಗಲು ತೊಡಗಿ ಸುಮಾರು 190ರಲ್ಲಿ ಪೂರ್ತಿ ನೀರಾಗುತ್ತದೆ. 40-60 ಕಡ್ಡಿಯೂ 183ರಲ್ಲೇ ಮೆತ್ತಗಾಗುತ್ತದೆ, ಆದರೆ ಪೂರ್ತಿ ಕರಗಲು 235ರಿಂದ 240 ಡಿಗ್ರಿ ಬೇಕು. ಈ ನಡುವಿನ ಅಂತರದಲ್ಲಿ ಅದು ಬೆಣ್ಣೆಯ ಹದದಲ್ಲಿರುವುದರಿಂದ ಅಗಲವಾದ ಸೀಳು ತುಂಬಲು ಮತ್ತು ಟ್ಯಾಂಕಿನ ಅಂಚಿಗೆ ಒಳ್ಳೆಯದು. ಕೂದಲೆಳೆಯಂಥ ಬಿರುಕಿಗೆ, ಹಾಗೂ ಹತ್ತಿರದ ಹಳೆಯ ಬೆಸುಗೆಯನ್ನು ಕದಲಿಸಬಾರದ ಜಾಗಕ್ಕೆ, 60-40 ಒಳ್ಳೆಯದು. ಮೊದಲ ಸಲ ಮಾಡುವವರು 60-40 ಕೊಳ್ಳಿರಿ. ರೇಡಿಯೋ ರಿಪೇರಿಯ ತೆಳ್ಳಗಿನ ಸಾಲ್ಡರ್ ತಂತಿ ಇಲ್ಲಿಗೆ ಆಗುವುದಿಲ್ಲ. ಅದರೊಳಗಿನ ರಾಳ ಹಳೆಯ ಹಿತ್ತಾಳೆಯ ಕಿಲುಬಿಗೆ ಸಾಲದು.

ಫ್ಲಕ್ಸ್ ಎಂದರೆ ಇಲ್ಲಿ ಸತುವಿನ ಕ್ಲೋರೈಡ್ ದ್ರಾವಣ. ಹಳೆಯ ಕಾರಿಗರು ಹೈಡ್ರೋಕ್ಲೋರಿಕ್ ಆಸಿಡ್ಡಿಗೆ ಸತುವಿನ ಚೂರು ಹಾಕಿ, ನೊರೆ ನಿಲ್ಲುವವರೆಗೆ ಕಾದು, ತಾವೇ ತಯಾರಿಸಿಕೊಳ್ಳುತ್ತಿದ್ದರು. ಆಗ ಹೊರಬರುವ ಹೈಡ್ರೋಜನ್ ಕಿಡಿ ತಾಗಿದರೆ ಸಿಡಿಯುತ್ತದೆ. ಈಗ ಸಿದ್ಧ ದ್ರಾವಣ ಸಿಗುವಾಗ ಆ ಸಾಹಸ ಬೇಡವೆಂಬುದು ನನ್ನ ಅಭಿಪ್ರಾಯ.

ಕಾವಿಗೆ 25 ವ್ಯಾಟಿನ ಸಾಲ್ಡರಿಂಗ್ ಐರನ್ ಸಾಲದು. ಹಿತ್ತಾಳೆಯ ಟ್ಯಾಂಕು ಶಾಖವನ್ನೆಲ್ಲ ಹೀರಿಕೊಳ್ಳುತ್ತದೆ. 150 ವ್ಯಾಟಿಗೆ ಮೇಲ್ಪಟ್ಟದ್ದು ಅಥವಾ ಬೆಂಕಿಯಲ್ಲಿ ಕಾಯಿಸುವ ತಾಮ್ರದ ತಲೆಯ ಐರನ್ ಬೇಕು. ಅದರ ಜೊತೆಗೆ ಸಣ್ಣ ಗ್ಯಾಸ್ ಟಾರ್ಚ್ ಇದ್ದರೆ ಟ್ಯಾಂಕಿನ ಕೆಲಸ ಸುಲಭ. ಟಾರ್ಚಿನಿಂದ ಸುತ್ತಲಿನ ಲೋಹವನ್ನು ಬೆಚ್ಚಗೆ ಮಾಡಿ, ಕೊನೆಯ ಕಾವನ್ನು ಐರನ್ನಿನಿಂದ ಕೊಡುವುದು ನನ್ನ ಪದ್ಧತಿ.

ಕೈಗೆ ಗವಸು, ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ಗಾಳಿಯಾಡುವ ಚಪ್ಪರದಡಿ ಕೂರಿ. ಫ್ಲಕ್ಸಿನ ಹೊಗೆ ಗಂಟಲು ಕೆರೆಯುತ್ತದೆ, ಆದರೆ ಕಡಲಗಾಳಿ ನೇರ ಬೀಸುವಲ್ಲಿ ಜ್ವಾಲೆ ನಿಲ್ಲುವುದಿಲ್ಲ. ಬೆಸುಗೆಯ ಕಾವಿನಲ್ಲಿ ಸೀಸ ಹೆಚ್ಚು ಆವಿಯಾಗುವುದಿಲ್ಲ, ಅದು ದೇಹಕ್ಕೆ ಹೋಗುವುದು ಮುಖ್ಯವಾಗಿ ಕೈಯಿಂದ ಬಾಯಿಗೆ. ಕವಳ ಹಾಕುವ ಅಭ್ಯಾಸವಿದ್ದವರು ಕೆಲಸ ಮುಗಿದು ಸೋಪು ಹಚ್ಚಿ ಕೈ ತೊಳೆಯುವವರೆಗೆ ಸಂಚಿ ಮುಟ್ಟಬಾರದು. ಮಕ್ಕಳನ್ನು ಹತ್ತಿರ ಬಿಡಬಾರದು. ಕೆರೆದ ಪುಡಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು, ಗುಡಿಸಿ ಹಾರಿಸಬಾರದು.

ಟ್ಯಾಂಕಿನ ಸೀಳಿಗೆ ಬೆಸುಗೆ ಹಾಕುವ ಬಗೆ

ಮೊದಲು ಎಲ್ಲ ಬಿರಡೆಗಳನ್ನೂ ಕ್ಯಾಪನ್ನೂ ತೆಗೆದಿಡಿ. ಮುಚ್ಚಿದ ರೇಡಿಯೇಟರನ್ನು ಕಾಯಿಸಿದರೆ ಒಳಗಿನ ಗಾಳಿ ಹಿಗ್ಗಿ ಕರಗಿದ ಬೆಸುಗೆಯನ್ನು ಹೊರಗೆ ಸಿಡಿಸುತ್ತದೆ. ಒಳಗೆ ನೀರೂ ಇರಬಾರದು. ಒಂದು ಚಮಚ ನೀರು ಸೀಳಿನ ಹಿಂದೆ ನಿಂತಿದ್ದರೂ ಲೋಹ ನೂರು ಡಿಗ್ರಿ ದಾಟುವುದಿಲ್ಲ. ಎರಡು ಗಂಟೆ ಬಿಸಿಲಿಗಿಟ್ಟು ಬೋರಲು ಹಾಕಿ ಒಣಗಿಸಿರಿ. ಸೀಳು ಮೇಲ್ಮುಖವಾಗಿ, ಮಟ್ಟವಾಗಿ ಇರುವಂತೆ ಇಟ್ಟಿಗೆಗಳ ಮೇಲೆ ಮಲಗಿಸಿ. ಆರು ಬೆರಳಿನ ದೂರದೊಳಗಿರುವ ಇತರ ಬೆಸುಗೆಗಳ ಮೇಲೆ ಒದ್ದೆ ಬಟ್ಟೆಯ ಪಟ್ಟಿ ಸುತ್ತಿರಿ.

ಈ ಕೊನೆಯ ಮಾತನ್ನು ನಾನು ಮೊದಲ ಸಲ ಪಾಲಿಸಿರಲಿಲ್ಲ. ಮೇಲಿನ ಟ್ಯಾಂಕಿನ ಮೂಲೆಯೊಂದರಲ್ಲಿ ಬೆಸುಗೆ ಹರಿಯುತ್ತಿಲ್ಲವೆಂದು ಟಾರ್ಚನ್ನು ಅಲ್ಲೇ ಹಿಡಿದುಕೊಂಡೆ. ಆ ಮೂಲೆ ಹಿಡಿದಂತೆ ಕಂಡಿತಷ್ಟೆ, ಆದರೆ ಅಷ್ಟರಲ್ಲಿ ಹೋಸ್ ಕೊಳವೆಯ ಬುಡದ ಬೆಸುಗೆ ಹೊಳಪೇರಿ, ಕೊಳವೆ ತನ್ನ ಭಾರಕ್ಕೆ ವಾಲಿತು. ಒಂದು ಸೋರಿಕೆ ಇದ್ದ ಕಡೆ ಎರಡಾದವು. ಮೂಲೆಯಲ್ಲಿ ಬೆಸುಗೆ ಹರಿಯದಿದ್ದುದಕ್ಕೆ ಕಾರಣ ಕಾವಿನ ಕೊರತೆಯಾಗಿರಲಿಲ್ಲ, ಮಡಿಕೆಯೊಳಗೆ ಉಳಿದಿದ್ದ ಬಣ್ಣವಾಗಿತ್ತು. ಬೆಸುಗೆ ಹಿಡಿಯದಿದ್ದಾಗ ಕಾವು ಹೆಚ್ಚಿಸುವುದಕ್ಕೆ ಬದಲು ನಿಲ್ಲಿಸಿ, ತಣಿಸಿ, ಮತ್ತೆ ಉಜ್ಜಬೇಕು.

ಬ್ರಷ್ಷಿನಿಂದ ಫ್ಲಕ್ಸ್ ಹಚ್ಚಿ. ಟಾರ್ಚಿನ ಜ್ವಾಲೆಯನ್ನು ಮೆತ್ತಗೆ ಇರಿಸಿ, ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಿರಿ. ಫ್ಲಕ್ಸಿನ ನೀರು ಮೊದಲು ಚುರುಗುಟ್ಟಿ ಕುದಿಯುತ್ತದೆ, ಬಿಳಿ ಪೊರೆ ಕಟ್ಟುತ್ತದೆ, ಇನ್ನೂ ಸ್ವಲ್ಪ ಕಾದಾಗ ಆ ಪೊರೆ ಕರಗಿ ಎಣ್ಣೆಯಂತೆ ಹೊಳೆಯುತ್ತದೆ. ಅದೇ ಹದ. ಜ್ವಾಲೆ ಸರಿಸಿ ಬೆಸುಗೆ ಕಡ್ಡಿಯ ತುದಿಯನ್ನು ಲೋಹಕ್ಕೆ ಮುಟ್ಟಿಸಿ. ಕಡ್ಡಿ ಲೋಹದ ಕಾವಿಗೆ ಕರಗಬೇಕೇ ಹೊರತು ಜ್ವಾಲೆಗಲ್ಲ. ಹದ ಸರಿಯಾಗಿದ್ದರೆ ಅದು ಕ್ಷಣದಲ್ಲಿ ತೆಳ್ಳಗೆ ಹರಡಿ, ಸೀಳಿನೊಳಕ್ಕೆ ತಾನಾಗಿ ಇಳಿಯುವುದು ಕಾಣುತ್ತದೆ. ಕೆಸುವಿನ ಎಲೆಯ ಮೇಲಿನ ನೀರಿನಂತೆ ಗುಂಡಾಗಿ ಉರುಳಿದರೆ ಲೋಹ ಬೆಳಗಿಲ್ಲ ಅಥವಾ ಕಾದಿಲ್ಲ. ಫ್ಲಕ್ಸ್ ಕಪ್ಪಾಗಿ ಸುಟ್ಟಿದ್ದರೆ ಕಾವು ಮಿತಿಮೀರಿದೆ.

ಇಡೀ ಬೆಳಗಿದ ಜಾಗಕ್ಕೆ ಹೀಗೆ ತೆಳ್ಳಗೆ ಕಲಾಯಿ ಹಿಡಿಸಿದ ಮೇಲೆಯೇ ಸೀಳನ್ನು ತುಂಬಬೇಕು. ಐರನ್ನಿನ ತುದಿಯನ್ನು ಸೀಳಿನ ಒಂದು ಕೊನೆಯಲ್ಲಿ ಇಟ್ಟು ನಿಧಾನವಾಗಿ ಎಳೆಯುತ್ತ, ಹಿಂದೆಯೇ ಕಡ್ಡಿಯನ್ನು ಉಣಿಸುತ್ತ ಹೋಗಿ. ದಪ್ಪವಾಗಿ ಗುಡ್ಡೆ ಹಾಕಿದರೆ ಗಟ್ಟಿಯಾಗುತ್ತದೆಂಬುದು ತಪ್ಪು ತಿಳಿವಳಿಕೆ. ಅಂಚಿನಲ್ಲಿ ಇಳಿಜಾರಾಗಿ ಲೋಹದೊಡನೆ ಸೇರಿಹೋಗಿರುವ ತೆಳುವಾದ ಬೆಸುಗೆಯೇ ಬಾಳುತ್ತದೆ. ಆರುವಾಗ ಅಲುಗಿಸಬಾರದು, ನೀರು ಎರಚಬಾರದು. ಆರುತ್ತಿರುವಾಗ ಅಲುಗಿದ ಬೆಸುಗೆ ಹರಳುಗಟ್ಟಿದಂತೆ ಮಂಕಾಗಿ ಕಾಣುತ್ತದೆ, ಅದನ್ನು ಮತ್ತೆ ಕರಗಿಸಲೇಬೇಕು.

ತೂತು ಬೆಂಕಿಕಡ್ಡಿಯ ತಲೆಗಿಂತ ದೊಡ್ಡದಿದ್ದರೆ ಅಥವಾ ಸುತ್ತಲಿನ ತಗಡು ಸವೆದಿದ್ದರೆ ತೇಪೆ ಹಾಕಬೇಕು. ಅರ್ಧ ಮಿಲಿಮೀಟರ್ ದಪ್ಪದ ಹಿತ್ತಾಳೆ ತಗಡನ್ನು ತೂತಿಗಿಂತ ಸುತ್ತಲೂ ಒಂದು ಸೆಂಟಿಮೀಟರ್ ದೊಡ್ಡದಾಗಿ, ಮೂಲೆಗಳನ್ನು ದುಂಡಗೆ ಕತ್ತರಿಸಿ, ಟ್ಯಾಂಕಿನ ಉಬ್ಬಿಗೆ ಸರಿಯಾಗಿ ಬಾಗಿಸಿ. ತೇಪೆಯ ಒಳಮೈಗೂ ಟ್ಯಾಂಕಿಗೂ ಬೇರೆಬೇರೆಯಾಗಿ ಕಲಾಯಿ ಹಿಡಿಸಿ, ಫ್ಲಕ್ಸ್ ಹಚ್ಚಿ, ಒಂದರ ಮೇಲೊಂದಿಟ್ಟು, ಮರದ ತುಂಡಿನಿಂದ ಒತ್ತಿಹಿಡಿದು ಕಾಯಿಸಿ. ಅಂಚಿನ ಸುತ್ತ ಬೆಳ್ಳಿಗೆರೆಯೊಂದು ಮಿನುಗಿ ಹೊರಬಂದಾಗ ಕಾವು ತೆಗೆದು, ಒತ್ತಿದ ಕೈಯನ್ನು ಗಟ್ಟಿಯಾಗುವವರೆಗೆ ಕದಲಿಸದಿರಿ.

ನಾಳದ ಸೋರಿಕೆ

ಇದು ಕಷ್ಟದ ಕೆಲಸ. ನಾಳದ ಗೋಡೆ ಒಂದು ಪೋಸ್ಟ್ ಕಾರ್ಡಿನಷ್ಟೂ ದಪ್ಪವಿರುವುದಿಲ್ಲ. ಸೋರಿಕೆ ಮುಂಭಾಗದ ಸಾಲಿನಲ್ಲಿ, ಕೈಗೆಟಕುವಂತೆ ಇದ್ದರೆ, ಆ ಜಾಗದ ಫಿನ್ನುಗಳನ್ನು ಎರಡು ಮೂರು ಸೆಂಟಿಮೀಟರ್ ಉದ್ದಕ್ಕೆ ಮೊನೆಯ ಇಕ್ಕಳದಿಂದ ಕಿತ್ತು, ಎಮರಿಯನ್ನು ಪಟ್ಟಿಯಾಗಿ ಮಡಚಿ ಉಜ್ಜಿ, ಟಾರ್ಚ್ ಬಳಸದೆ ಐರನ್ನಿನಿಂದ ಮಾತ್ರ ಬೆಸುಗೆ ಹಾಕಿರಿ. ಇಲ್ಲಿ ಜ್ವಾಲೆ ಹಿಡಿದರೆ ಅಕ್ಕಪಕ್ಕದ ಹತ್ತು ನಾಳಗಳಿಂದ ಫಿನ್ನುಗಳು ಬಿಟ್ಟುಕೊಳ್ಳುತ್ತವೆ.

ಒಳಸಾಲಿನ ನಾಳ ಸೋರುತ್ತಿದ್ದರೆ ಟ್ಯಾಂಕುಗಳನ್ನು ಕರಗಿಸಿ ಎತ್ತಿ, ಆ ನಾಳದ ಎರಡೂ ಬಾಯಿಗಳನ್ನು ಹೆಡರ್ ಪ್ಲೇಟಿನಲ್ಲಿ ಬೆಸುಗೆಯಿಂದ ಮುಚ್ಚುವುದೊಂದೇ ದಾರಿ. ಟ್ಯಾಂಕ್ ಎತ್ತುವುದನ್ನು ಮೊದಲ ರೇಡಿಯೇಟರಿನಲ್ಲೇ ಕಲಿಯಲು ಹೋಗಬಾರದು. ಗುಜರಿಯಿಂದ ಒಂದು ಹಳೆಯ ರೇಡಿಯೇಟರ್ ತಂದು ಅದರ ಮೇಲೆ ಕೈ ಪಳಗಿಸಿಕೊಳ್ಳಿ. ಮುಚ್ಚಿದ ಪ್ರತಿ ನಾಳವೂ ತಣಿಸುವ ಶಕ್ತಿಯನ್ನು ಅಷ್ಟಷ್ಟು ಕಡಿಮೆ ಮಾಡುತ್ತದೆ. ಊರೊಳಗೆ ಓಡುವ ಕಾರಿಗೆ ಇದು ತಿಳಿಯದಿರಬಹುದು. ಅರಬೈಲು ಅಥವಾ ದೇವಿಮನೆ ಘಟ್ಟ ಹತ್ತಬೇಕಾದ ಕಾರಿಗೆ ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು ನಾಳ ಮುಚ್ಚುವುದನ್ನು ನಾನು ಒಪ್ಪುವುದಿಲ್ಲ.

ತೊಳೆದು ಮತ್ತೆ ಪರೀಕ್ಷಿಸುವುದು

ಸತುವಿನ ಕ್ಲೋರೈಡ್ ಗಾಳಿಯ ತೇವವನ್ನು ಹೀರಿಕೊಂಡು ಹಿತ್ತಾಳೆಯನ್ನು ತಿನ್ನುತ್ತಲೇ ಇರುತ್ತದೆ. ನಮ್ಮ ಹವೆಯಲ್ಲಿ ಇದನ್ನು ಉದಾಸೀನ ಮಾಡಿದರೆ ಒಂದೇ ಮಳೆಗಾಲದಲ್ಲಿ ಬೆಸುಗೆಯ ಸುತ್ತ ಹಸಿರು ಪುಡಿ ಕಟ್ಟುತ್ತದೆ. ರೇಡಿಯೇಟರ್ ಆರಿದ ಕೂಡಲೇ ಬಿಸಿನೀರಿನಲ್ಲಿ ತೊಳೆಯಿರಿ. ಆಮೇಲೆ ಲೀಟರ್ ನೀರಿಗೆ ಎರಡು ಚಮಚ ಅಡಿಗೆ ಸೋಡಾ ಕರಗಿಸಿ ಒಳಗೂ ಹೊರಗೂ ಹಚ್ಚಿ, ನೊರೆ ನಿಂತ ಮೇಲೆ ಮತ್ತೆ ತಿಳಿನೀರಿನಲ್ಲಿ ತೊಳೆಯಿರಿ. ತಾಡಪತ್ರಿಯ ತೊಟ್ಟಿಗೆ ಮರಳಿ ಇಳಿಸಿ, ಮೊದಲಿನಷ್ಟೇ ಒತ್ತಡ ತುಂಬಿಸಿ, ಹತ್ತು ನಿಮಿಷ ನೋಡಿ. ಒಂದು ಗುಳ್ಳೆಯೂ ಏಳಬಾರದು. ನಿಮಿಷಕ್ಕೊಂದು ಗುಳ್ಳೆಯೇ ತಾನೆ ಎಂದು ಬಿಟ್ಟರೆ ಘಟ್ಟದ ಬಿಸಿಯಲ್ಲಿ ಅದು ಧಾರೆಯಾಗುತ್ತದೆ.

ಬಣ್ಣ ಹೊಡೆಯುವುದಾದರೆ ಟ್ಯಾಂಕಿಗೆ ಮಾತ್ರ ಸರಿಯಾಗಿ ಹೊಡೆದು, ಫಿನ್ನುಗಳಿಗೆ ತೆಳುವಾದ ಕಪ್ಪು ಬಣ್ಣವನ್ನು ಒಮ್ಮೆ ಹಾಯಿಸಿದರೆ ಸಾಕು. ದಪ್ಪ ಬಣ್ಣ ಶಾಖವನ್ನು ಹಿಡಿದಿಡುತ್ತದೆ.

ಕೂಡಿಸುವುದು, ತುಂಬುವುದು, ಘಟ್ಟದಲ್ಲಿ ನೋಡುವುದು

ಹೊಸ ಹೋಸ್ ಪೈಪು, ಹೊಸ ಕ್ಲಿಪ್ಪು ಹಾಕಿ. ಬೋಲ್ಟಿನಡಿ ರಬ್ಬರ್ ತುಂಡುಗಳು ಮೊದಲಿದ್ದಂತೆಯೇ ಇರಲಿ, ಅವಿಲ್ಲದಿದ್ದರೆ ನಮ್ಮ ರಸ್ತೆಗಳ ಕುಲುಕಾಟವೆಲ್ಲ ನೇರ ಬೆಸುಗೆಗೆ ತಾಗುತ್ತದೆ. ಕ್ಯಾಪ್ ಬದಲಿಸಬೇಕಾದರೆ ಹಳೆಯದರಲ್ಲಿ ಬರೆದಿರುವ ಒತ್ತಡದ್ದನ್ನೇ ತರಬೇಕು. 7 ಪಿಎಸ್ಐ ಕ್ಯಾಪ್ ನೀರಿನ ಕುದಿಬಿಂದುವನ್ನು ಸುಮಾರು ಹನ್ನೆರಡು ಡಿಗ್ರಿ ಏರಿಸುತ್ತದೆ, ಅಷ್ಟಕ್ಕೆ ಈ ಬೆಸುಗೆ ತಡೆಯುತ್ತದೆ. ಈಗಿನ ಕಾರುಗಳ 13 ಅಥವಾ 15 ಪಿಎಸ್ಐ ಕ್ಯಾಪ್ ಹಾಕಿದರೆ ಹಳೆಯ ಅಂಚುಗಳು ಒಂದೊಂದಾಗಿ ಬಾಯಿಬಿಡುತ್ತವೆ.

ತುಂಬಲು ಬಾವಿಯ ನೀರಿಗಿಂತ ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ ಉತ್ತಮ. ಕಾಳಿ, ಅಘನಾಶಿನಿ ನದಿಗಳ ಅಳಿವೆ ಪ್ರದೇಶದ ಕೆಲವು ಬಾವಿಗಳಿಗೆ ಬೇಸಿಗೆಯಲ್ಲಿ ಉಪ್ಪು ಸೇರುತ್ತದೆ, ಉಪ್ಪುನೀರು ಒಳಗಿನಿಂದ ಬೆಸುಗೆಯನ್ನು ತಿನ್ನುತ್ತದೆ. ಮೂರನೆಯ ಒಂದು ಪಾಲು ಕೂಲಂಟ್ ಸೇರಿಸಿ. ಕೊಳ್ಳುವಾಗ ಬಣ್ಣ ನೋಡದೆ, ತಾಮ್ರ, ಹಿತ್ತಾಳೆ ಮತ್ತು ಬೆಸುಗೆಯ ಹಳೆಯ ರೇಡಿಯೇಟರಿಗೆ ಸಲ್ಲುತ್ತದೆಂದು ಡಬ್ಬಿಯ ಮೇಲೆ ಬರೆದಿರುವುದನ್ನು ಓದಿ ಕೊಳ್ಳಿರಿ. ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಬೇಕು.

ಕ್ಯಾಪ್ ತೆಗೆದೇ ಎಂಜಿನ್ ಚಾಲೂ ಮಾಡಿ. ಮೇಲಿನ ಹೋಸ್ ಬೆಚ್ಚಗಾಯಿತೆಂದರೆ ಎಂಜಿನ್ ಕಾದ ಮೇಲೆ ನೀರನ್ನು ರೇಡಿಯೇಟರಿಗೆ ಬಿಡುವ ಥರ್ಮೋಸ್ಟಾಟ್ ತೆರೆದಿದೆ ಎಂದರ್ಥ. ಆಗ ಒಳಗಿನ ಗಾಳಿ ಹೊರಬಂದು ನೀರಿನ ಮಟ್ಟ ತಟ್ಟನೆ ಇಳಿಯುತ್ತದೆ. ಮತ್ತೆ ತುಂಬಿಸಿ ಕ್ಯಾಪ್ ಹಾಕಿ. ಮೊದಲ ದಿನ ಊರೊಳಗೆ ಹತ್ತು ಕಿಲೋಮೀಟರ್ ಓಡಿಸಿ, ರಾತ್ರಿ ರೇಡಿಯೇಟರಿನಡಿ ಒಂದು ಹಳೆಯ ದಿನಪತ್ರಿಕೆ ಹಾಸಿಡಿ. ಬೆಳಿಗ್ಗೆ ಕಾಗದ ಒಣಗಿದ್ದರೆ, ತಣ್ಣಗಿರುವಾಗಲೇ ಕ್ಯಾಪ್ ತೆಗೆದು ಮಟ್ಟ ನೋಡಿ, ಹೋಸ್ ಕ್ಲಿಪ್ಪುಗಳನ್ನು ಇನ್ನೊಂದು ಅರ್ಧ ಸುತ್ತು ಬಿಗಿದುಕೊಂಡು, ಬೆಳಗಿನ ತಂಪಿನಲ್ಲೇ ಘಟ್ಟಕ್ಕೆ ಹೊರಡಿರಿ. ಐದು ಲೀಟರಿನ ಒಂದು ಕ್ಯಾನ್ ನೀರು ಡಿಕ್ಕಿಯಲ್ಲಿರಲಿ. ಘಟ್ಟದ ತಲೆಯಲ್ಲಿ ನಿಲ್ಲಿಸಿ, ಕ್ಯಾಪ್ ಮುಟ್ಟದೆ, ಬಾನೆಟ್ ತೆರೆದು ಬೆಸುಗೆಯ ಗೆರೆಯ ಉದ್ದಕ್ಕೂ ಕಣ್ಣಾಡಿಸಿ. ಬಿಸಿ ಲೋಹದ ಮೇಲೆ ಸೋರಿದ ನೀರು ಕೂಡಲೇ ಆರುವುದರಿಂದ ಹನಿಯನ್ನಲ್ಲ, ಬಿಳಿಯ ಹೊಸ ಕಲೆಯನ್ನು ಹುಡುಕಬೇಕು.